ಕೋತಿಗೆ ಎಷ್ಟು ದಿನದ ಸೂತಕ

ತಂಗಿಯ ಮದುವೆಗೆ ಐದು ದಿನ ಉಳಿದಿತ್ತು ಎಂದು ನನ್ನ ನೆನಪು. ಡೈರಿ ನಾಲ್ಕು ಎನ್ನುತ್ತದೆ. ಸೋಸಲೆಯ ಹತ್ತಿರದ ನಮ್ಮೂರಿನಲ್ಲಿ ಅಂದು ಕರೆಂಟು ಹೊಡೆದು ಒಂದು ಹೆಣ್ಣು ಕೋತಿ ಸತ್ತಿತ್ತು.

ನಮ್ಮ ಕಡೆ ಸತ್ತ ಕೋತಿಯನ್ನು ಎಸೆಯುವುದಿಲ್ಲ. ಅರಿಸಿನದ ನೀರಿನಲ್ಲಿ ತೊಳೆದು, ಹೊಸ ಬಟ್ಟೆ ಹೊದಿಸಿ, ತಮಟೆ ಬಡಿಸಿಕೊಂಡು ಹೋಗಿ ಮಣ್ಣು ಮಾಡುತ್ತಾರೆ. ಮೇಲಿನ ಬೀದಿಯವರೊಬ್ಬರು ಮಗನ ಸ್ಥಾನದಲ್ಲಿ ನಿಂತು ತಲೆ ಬೋಳಿಸಿಕೊಳ್ಳಲು ಒಪ್ಪಿದ್ದರು.

ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಹೊಸತು. ಗುಂಡಿಯ ಪಕ್ಕ ಕೋತಿಯ ಅಂಗೈಯನ್ನೇ ನೋಡುತ್ತಿದ್ದೆ. ಗೆರೆಗಳು, ಚಪ್ಪಟೆ ಉಗುರುಗಳು, ಮಡಿಸಿದ ಹೆಬ್ಬೆರಳು. ಯಾರೋ, "ನಮ್ ಮುತ್ತಾತನ್ ಕುಲ, ಕೈ ಮುಗೀರಪ್ಪಾ" ಎಂದು ನಗಾಡಿದರು. ನನಗೆ ತಿದ್ದುವ ಚಟ. "ಮುತ್ತಾತ ಅಲ್ಲ. ನಾವೂ ಇವೂ ಒಂದೇ ಮೂಲದ ಎರಡು ಕವಲು. ದಾಯಾದಿಗಳು" ಎಂದೆ.

ನಮ್ಮ ಮನೆಯ ಯಜಮಾನಿಕೆ ದೊಡ್ಡಪ್ಪನದು. ಅವರು ತಿರುಗಿ ನೋಡಿದರು.

"ದಾಯಾದಿ ಅಂದ್ಯಾ? ಬುಕ್ಕಲ್ಲಿ ಅದಾ?"

"ಇದೆ ದೊಡ್ಡಪ್ಪ."

"ಅಂಗಾದ್ರೆ ನಮ್ಗೂ ಸೂತ್ಕ ಕಣ್ಲಾ. ಅನ್ನೊಂದ್ ದಿನ ಚಪ್ರ ಆಕಂಗಿಲ್ಲ."

ತಮಾಷೆ ಎಂದುಕೊಂಡೆ. ಮನೆಗೆ ಬಂದು ನೋಡಿದರೆ ಚಪ್ಪರದ ಸೊಪ್ಪು ತಂದವರನ್ನು ಅವರು ವಾಪಸು ಕಳಿಸುತ್ತಿದ್ದರು. ಈ ಮದುವೆ ಆಗಲೇ ಒಮ್ಮೆ ಮುಂದಕ್ಕೆ ಹೋಗಿತ್ತು. ಇನ್ನೊಮ್ಮೆ ಹೋದರೆ ಬೇರೆ ಕಡೆ ಹೆಣ್ಣು ನೋಡುತ್ತೇವೆಂದು ಹೆಮ್ಮರಗಾಲದ ಗಂಡಿನವರು ಹೇಳಿಕಳಿಸಿದ್ದರು. ಬಳೆ ತೊಟ್ಟು ಕೂತಿದ್ದ ತಂಗಿ ಅಳಲಿಲ್ಲ. "ನಿನ್ ಓದ್ಗಿಷ್ಟು ಮಣ್ಣಾಕ! ಇನ್ನೇನಾರ ಓದಿದ್ರೆ ಅದ್ನೂ ಯೋಳು" ಎಂದಳು.

ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. "ಇದು ನಾವು. ನಮಗೆ ಹತ್ತಿರದ ಕವಲು ಚಿಂಪಾಂಜಿ."

"ಜೂ ಒಳ್ಗೆ ನೋಡಿದ್ವಲ್ಲ, ಬಾಲ ಇಲ್ದಿರೋದು?" ದೊಡ್ಡಪ್ಪ ಕೇಳಿದರು.

"ಅದೇ. ಅರವತ್ತು ಎಪ್ಪತ್ತು ಲಕ್ಷ ವರ್ಷದ ಹಿಂದೆ ಬೇರೆಯಾದದ್ದು. ಗೊರಿಲ್ಲ ಅದಕ್ಕಿಂತ ಹಿಂದೆ. ಕೋತಿ ಕವಲು ಒಡೆದು ಎರಡೂವರೆ ಕೋಟಿ ವರ್ಷದ ಮೇಲಾಯಿತು."

"ಎಷ್ಟ್ ತಲೆಮಾರಾಯ್ತು?" ಎಂದರು ದೊಡ್ಡಪ್ಪ.

"ಎಣಿಸೋಕಾಗಲ್ಲ."

ನಮ್ಮಲ್ಲಿ ಹತ್ತಿರದ ದಾಯಾದಿ ಸತ್ತರೆ ಹನ್ನೊಂದು ದಿನ, ದೂರದವರಾದರೆ ಮೂರು ದಿನ, ತಲೆಮಾರು ಗೊತ್ತಿಲ್ಲದಷ್ಟು ದೂರವಾದರೆ ಒಂದು ಸ್ನಾನ. ವಿಶ್ವವಿದ್ಯಾಲಯದಲ್ಲಿ ನಾನು ಎರಡು ವರ್ಷ ಓದಿದ ವಂಶವೃಕ್ಷ ಈ ಲೆಕ್ಕದೊಳಗೆ ಸಲೀಸಾಗಿ ಕೂತುಬಿಟ್ಟಿತು. ದೊಡ್ಡಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದರು.

"ಎಲ್ರೂ ಒಳೇಲಿ ಮುಳುಗ್ ಬನ್ನಿ, ಸಾಕು. ಆ ಜೂ ಒಳ್ಗಿರೋದು ಸತ್ರೆ ಮಾತ್ರ ಮದ್ವೆ ಮುಗಿಯೋಗಂಟ ಬಾಯ್ ಬುಡ್ಬ್ಯಾಡ ಕಣ್ಲಾ."

ಕಾವೇರಿಯಲ್ಲಿ ಮುಳುಗಿ ಬಂದೆವು. ಚಪ್ಪರ ಎದ್ದಿತು, ಮದುವೆಯೂ ಆಯಿತು.

ಇದನ್ನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಹೆಮ್ಮರಗಾಲದಲ್ಲಿ ತಂಗಿ ನಕ್ಕಳು. "ಸುಳ್ಳು ಕಣಣ್ಣ. ಗೆರೆ ಎಳ್ದು ನೀನು ಸುಮ್ಕೆ ಕುಂತಿದ್ದೆ. ಎಷ್ಟ್ ತಲೆಮಾರು ಅಂತ ಕೇಳ್ದೋಳು ನಾನು."

ಡೈರಿ ತೆಗೆದು ನೋಡಿದೆ. "ಕೋತಿಗೆ ಮಣ್ಣು. ಎಲ್ಲರಿಗೂ ಸ್ನಾನ. ನಾಳೆ ಚಪ್ಪರ" ಎಂದಷ್ಟೇ ಇದೆ. ಆ ಪ್ರಶ್ನೆ ಕೇಳಿದ್ದು ಈಗಲೂ ನನ್ನ ಕಿವಿಗೆ ದೊಡ್ಡಪ್ಪನ ದನಿಯಲ್ಲೇ ಬರುತ್ತದೆ. ಆದರೆ ಅಂದು ಕಳೆದುಕೊಳ್ಳುವುದು ಇದ್ದದ್ದು ತಂಗಿಗೆ. ಅವಳೇ ಕೇಳಿರಬೇಕು.