ಕಡಿಯದೆ ಒಳಮನೆಯಿಲ್ಲ

ತಮ್ಮನ ಮೇಲೆ ನನಗೊಂದು ಸೇಡು ಬಾಕಿ ಇತ್ತು. ನಲವತ್ತೆರಡರ ಹೆಂಗಸು ಹೀಗೆ ಬರೆದರೆ ಆಸ್ತಿ ಜಗಳ ಅಂದುಕೊಂಡಾರು. ಅಲ್ಲ, ಚೌಕಾಬಾರದ ಜಗಳ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಾಲ್ಕು ಕವಡೆ ಹಾಕಿ, ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ಹೊರಸುತ್ತು ಮುಗಿಸಿ, ಒಳಸುತ್ತು ದಾಟಿ, ನಡುಮನೆ ಸೇರಿದ ಕಾಯಿ ಹಣ್ಣು. ಎದುರಾಳಿಯ ಕಾಯಿ ಕೂತ ಮನೆಗೇ ನಮ್ಮ ಕಾಯಿ ಬಂದರೆ ಅದನ್ನು ಕಡಿದಂತೆ; ಅದು ಮತ್ತೆ ಮೊದಲ ಮನೆಯಿಂದ ಹೊರಡಬೇಕು. ಆದರೆ ಹೀಗೆ ಒಂದು ಕಾಯಿಯನ್ನಾದರೂ ಕಡಿಯದೆ ಒಳಗೆ ಹೋಗುವಂತಿಲ್ಲ. ಕಡಿಯದವರು ಹೊರಗೇ ಸುತ್ತುತ್ತಿರಬೇಕು.

ನಾನು ಬಾಲ್ಯವಿಡೀ ಹೊರಗೇ ಸುತ್ತಿದೆ. ಬೇಸಿಗೆ ರಜೆಯಲ್ಲಿ ಆಡುತ್ತಿದ್ದವರು ನಾನು, ತಮ್ಮ ಇಬ್ಬರೇ. ಅವನ ಕಾಯಿ ನನ್ನ ಕೈಗೆ ಸಿಕ್ಕಿತೆಂದರೆ ಅವನ ಕೆಳತುಟಿ ಅದುರುತ್ತಿತ್ತು. ಕೂಡಲೇ ಅಡುಗೆಮನೆಯಿಂದ ಅಮ್ಮನ ದನಿ: "ಬಿಡೇ, ಅವನು ಚಿಕ್ಕವನು." ಬಿಡುತ್ತಿದ್ದೆ. ಮುಂದಿನ ಸರದಿಗೆ ಅವನೇ ನನ್ನ ಕಾಯಿ ಕಡಿದು ಒಳಗೆ ನಡೆಯುತ್ತಿದ್ದ. ಬಸ್ಸಿನ ಕಿಟಕಿ ಸೀಟು, ಕೊನೆಯ ಹೋಳಿಗೆ, ಹೊಸ ಸೈಕಲ್ಲಿನ ಮೊದಲ ಸುತ್ತು ಎಲ್ಲ ಹಾಗೇ ಹೋದವು. ಅವನ್ನು ಮರೆತೆ. ಒಳಮನೆಯನ್ನು ಮರೆಯಲಿಲ್ಲ. ಮುಂದೆ ನನಗೊಬ್ಬಳು ಮಗಳು, ಆಮೇಲೊಬ್ಬ ಮಗ ಹುಟ್ಟಿದಾಗ ಹಲ್ಲುಕಚ್ಚಿ ಶಪಥ ಮಾಡಿದೆ: ಆ ಮಾತು ನನ್ನ ಬಾಯಿಂದ ಬರಕೂಡದು.

ಈಗ ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಚಾರ್ಜರಿಗೆ ಜಗಳ, ಫ್ಯಾನಿನ ವೇಗಕ್ಕೆ ಜಗಳ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗಿತೆಂದೂ ಜಗಳ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ; ಇವರು ಬೆಳೆಯುವ ತನಕ ಕಾಯಲೂ ಇಲ್ಲ. ಕಡೆಗೆ ನಾನೊಂದು ಕಾನೂನು ಮಾಡಿದೆ. ಭಾನುವಾರ ಮಧ್ಯಾಹ್ನ ಮೊಬೈಲು ಬೀರುವಿನೊಳಗೆ, ಎಲ್ಲರೂ ಚೌಕಾಬಾರಕ್ಕೆ. ಆರ್.ಟಿ. ನಗರದಿಂದ ತಮ್ಮನೂ ಬರಬೇಕು. ಮಕ್ಕಳು ಹೊಂದಿಕೊಳ್ಳಲಿ ಎಂಬುದು ಎಲ್ಲರಿಗೂ ಹೇಳಿದ ಕಾರಣ. ಅವನ ಕಾಯಿ ಕಡಿಯಬೇಕೆಂಬುದು ಯಾರಿಗೂ ಹೇಳದ್ದು.

ಮೊದಲ ಭಾನುವಾರ ಅವನು ಒಂದು ಗಂಟೆ ತಡವಾಗಿ ನಮ್ಮ ಕೊಡಿಗೇಹಳ್ಳಿ ಮನೆಗೆ ಬಂದ. "ಹೆಬ್ಬಾಳದ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡೆ ಕಣಕ್ಕಾ," ಎಂದು ನಕ್ಕ. ಇಷ್ಟು ವರ್ಷ ಕಾದವಳಿಗೆ ಒಂದು ಗಂಟೆ ಯಾವ ಲೆಕ್ಕ? ಟೈಲ್ಸಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದೆ. ನಾಲ್ವರೂ ಕೂತೆವು. ನಮ್ಮ ಜೊತೆಗೇ ಇರುವ ಅಮ್ಮ ದಿವಾನದ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು.

ನಾನು ತಮ್ಮನ ಬೆನ್ನು ಹತ್ತಿದೆ. ಅವನು ಪ್ರತಿ ಸಲವೂ ಕೂದಲೆಳೆಯಲ್ಲಿ ತಪ್ಪಿಸಿಕೊಂಡ. ಅಷ್ಟರಲ್ಲಿ ಮಗಳಿಗೆ ಮೂರು ಬಿತ್ತು. ಸರಿಯಾಗಿ ಮೂರು ಮನೆ ಆಚೆ ಅವಳ ತಮ್ಮನ ಕಾಯಿ. ಹುಡುಗನ ಕೆಳತುಟಿ ಅದುರಿತು. ಥೇಟ್ ಅದೇ ತುಟಿ. ನನಗೆ ಗೊತ್ತಾಗುವ ಮೊದಲೇ ಬಾಯಿಂದ ಬಂದುಬಿಟ್ಟಿತು: "ಬಿಡೇ, ಅವನು ಚಿಕ್ಕವನು."

"ಅಯ್ಯೋ, ಥೇಟ್ ಅಮ್ಮನ ವಾಯ್ಸು!" ಎಂದು ತಮ್ಮ ಚಪ್ಪಾಳೆ ತಟ್ಟಿದ. ಕವಡೆಗಳನ್ನು ಅವನ ಮುಖಕ್ಕೇ ಎಸೆಯಬೇಕೆನಿಸಿತು. ಮಗಳು ಕಾಯಿ ಮೇಲೆ ಬೆರಳಿಟ್ಟುಕೊಂಡೇ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಅಡುಗೆಮನೆಯ ಬಾಗಿಲನ್ನು ನಾನು ಹಾಗೆ ನೋಡುತ್ತಿದ್ದೆ.

ಅಮ್ಮ ತಲೆ ಎತ್ತದೆ ಅಂದಳು: "ಕಡಿ ಪುಟ್ಟಿ. ನಿಮ್ಮಮ್ಮನ ಮಾತು ಕೇಳ್ಬೇಡ."

ಮಗಳು ಕಡಿದಳು. ಹುಡುಗ ಐದು ನಿಮಿಷ ಬೊಬ್ಬೆ ಹೊಡೆದ. ಆಮೇಲೆ ಅವಳೇ ಅವನ ಕಿವಿಯಲ್ಲಿ ಏನೋ ಉಸುರಿದಳು. ಅವನು ಕಣ್ಣೊರೆಸಿಕೊಂಡು, "ಅಮ್ಮನ್ನ ಹಿಡಿಯೋಣ್ವಾ?" ಅಂದ. ಹಿಡಿದರು. ಇಬ್ಬರೂ ಸೇರಿ ನನ್ನ ಮೂರು ಕಾಯಿ ಕಡಿದರು. ತಮ್ಮನ ಕಾಯಿಗಳೆಲ್ಲ ಹಣ್ಣಾದವು. ಮಕ್ಕಳು ಆ ದಿನ ಮತ್ತೆ ಜಗಳವಾಡಲಿಲ್ಲ, ಒಂದೇ ದಿಂಬಿಗೆ ಒರಗಿ ನನ್ನ ಸೋಲನ್ನು ಮತ್ತೆ ಮತ್ತೆ ಹೇಳಿಕೊಂಡು ನಕ್ಕರು. ನಾನು ಬಯಸಿದ್ದು ಅದನ್ನೇ. ಆದರೂ ಹೊಟ್ಟೆ ಉರಿಯಿತು.

ಸಂಜೆ ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿಯೇಬಿಟ್ಟೆ. "ನನಗೆ ಒಂದಿನಾನಾದ್ರೂ ಯಾಕಮ್ಮ ಕಡಿ ಅನ್ಲಿಲ್ಲ?"

ಅಮ್ಮ ಅವರೆಸಿಪ್ಪೆ ಬಳಿಯುತ್ತಾ ಅಂದಳು: "ಅವನು ಅಳ್ತಿದ್ದ. ನೀನು ಅಳ್ತಿರ್ಲಿಲ್ಲ."

ಅಷ್ಟೇ. ಇಷ್ಟೂ ವರ್ಷ ತಮ್ಮನ ಮೇಲೆ ಹಲ್ಲು ಮಸೆದದ್ದು ದಂಡ. ಅವನು ಬರೀ ತುಟಿ ಅದುರಿಸಿದ್ದ.

ಮುಂದಿನ ಭಾನುವಾರ ತಮ್ಮನನ್ನು ಆಟದಿಂದ ಎಬ್ಬಿಸಿ ಅವನ ಜಾಗಕ್ಕೆ ಅಮ್ಮನನ್ನು ಕರೆದೆ. ಅವಳಿಗೆ ಮಂಡಿ ಮಡಿಸಲಾಗದು, ಅದಕ್ಕೇ ಊಟದ ಮೇಜಿನ ಮೇಲೆ ಮನೆ ಬರೆದೆ. ಕಾಯಿಗಳೆಂದು ಅವಳು ತನ್ನ ಹೊಲಿಗೆ ಡಬ್ಬಿಯ ಗುಂಡಿಗಳನ್ನು ತಂದಳು. ಸ್ವಲ್ಪ ಹೊತ್ತಿಗೆ ಅವಳ ಗುಂಡಿ ನನಗಿಂತ ನಾಲ್ಕು ಮನೆ ಮುಂದೆ ಬಂತು. ಕವಡೆ ಹಾಕಿದೆ. ನಾಲ್ಕೂ ಅಂಗಾತ ಬಿದ್ದವು. ಚೌಕ.

"ಅಕ್ಕಾ, ಬಿಡು, ಅಮ್ಮಂಗೆ ವಯಸ್ಸಾಗಿದೆ," ಎಂದ ತಮ್ಮ.

"ಕಡಿ ಅಮ್ಮಾ!" ಮಕ್ಕಳಿಬ್ಬರೂ ಒಟ್ಟಿಗೆ ಕೂಗಿದರು.

ಕಡಿದೆ. ಮೇಜು ಸದ್ದಾಗುವಂತೆ ಕುಟ್ಟಿ ಕಡಿದೆ. ಅಯ್ಯೋ ಪಾಪ ಅನಿಸಲಿಲ್ಲ. ಆದರೆ ಕಣ್ಣು ತುಂಬಿ ಮನೆಗಳು ಕಾಣದಾದವು, ಎಲ್ಲರೆದುರು ಅತ್ತುಬಿಟ್ಟೆ.

ಅಮ್ಮ ತನ್ನ ಗುಂಡಿಯನ್ನು ಎತ್ತಿ ಮೊದಲ ಮನೆಗೆ ಇಟ್ಟುಕೊಂಡಳು. ಕವಡೆಗಳನ್ನು ಗುಡ್ಡೆ ಮಾಡಿ ನನ್ನ ಕಡೆ ತಳ್ಳಿದಳು.

"ಕಡಿದ್ಮೇಲೆ ಇನ್ನೊಂದು ಕೈ ಇದೆ," ಅಂದಳು. "ಹಾಕು. ಒಳಗೆ ಹೋಗು."