ಬಾಗಿಲು ಒಳಕ್ಕೇ ತೆರೆಯಬೇಕು

ಸುಪೀರಿಯರ್ ಸರೋವರದ ಮೇಲೆ ಬೆಳಕು ಹರಿಯುತ್ತಿದೆ. ಅರವತ್ತೊಂದರ ಬಡಗಿ ಐಲಿ ಕಂಗಾಸ್ ಹೊಚ್ಚಹೊಸ ಮುಂಬಾಗಿಲಿಗೆ ಹೊರಗಿನಿಂದ ಒದ್ದೆ ಮರಳು ಒಟ್ಟುತ್ತಿದ್ದಾರೆ. ಆಗಲೇ ಸೊಂಟದೆತ್ತರ ಆಗಿದೆ. ಜೊತೆಗಾರ ರೂಡಿ ಕಾಫಿ ಹೀರುತ್ತ ಕಿಚಾಯಿಸುತ್ತಾನೆ: "ಮನೆ ಕಟ್ಟೋಕೆ ಬಂದ್ಯಾ, ಹೂಳೋಕೆ ಬಂದ್ಯಾ ಮಾರಾಯ್ತಿ?"

"ಬಾಯಿ ಮುಚ್ಕೊಂಡು ಇನ್ನೊಂದು ಗಾಡಿ ಮರಳು ತಾ."

ಈ ಬಾಗಿಲು ಕೂರಿಸಿದ್ದು ಐಲಿ ಅಲ್ಲ. ನಕ್ಷೆಯಲ್ಲಿ ಅದು ಹೊರಕ್ಕೆ ತೆರೆಯುತ್ತದೆ. ಹಾಗೆ ಕೂರಿಸಲಾರೆ ಎಂದರು. ಗುತ್ತಿಗೆದಾರ ನಿನ್ನೆ ಬೇರೆಯವರಿಂದ ಕೂರಿಸಿ, "ನಕ್ಷೆ ತಿದ್ದೋದು ನಿನ್ನ ಕೆಲಸ ಅಲ್ಲ. ಮನೆ ಮಾಲೀಕರು ಒಪ್ಪಿದ್ರೆ ಸರಿ, ಇಲ್ಲಾಂದ್ರೆ ಸೋಮವಾರದಿಂದ ಬರಬೇಡ" ಎಂದ. ಹಿಮಕ್ಕೆ ಮುಂಚಿನ ಕೊನೆಯ ಕೆಲಸವಿದು. ಹೋದರೆ ಏಪ್ರಿಲ್‌ವರೆಗೆ ಇನ್ನೊಂದಿಲ್ಲ.

ದಾರಿಬದಿಯ ಹಲಗೆಯಲ್ಲಿ ನಕ್ಷೆ ಬರೆದವನ ಹೆಸರಿದೆ, ಗುತ್ತಿಗೆದಾರನ ಹೆಸರಿದೆ, ಗಾಜು ಮಾರಿದವನ ಹೆಸರೂ ಇದೆ. ಮೂವತ್ತೊಂದು ವರ್ಷದಲ್ಲಿ ನಲವತ್ತಾರು ಮನೆಗಳಿಗೆ ಮರ ಕೂಡಿಸಿದ ಹೆಂಗಸಿನ ಹೆಸರು ಒಂದರ ಮೇಲೂ ಇಲ್ಲ. ಬೆಚ್ಚನೆಯ ಊರಲ್ಲಿ ಕೂತು ಗೆರೆ ಎಳೆದವನಿಗೆ ಗೌರವ, ಗಾಳಿಗೆ ಮುಖ ಕೊಟ್ಟು ದುಡಿದವರಿಗೆ ಬಾಯಿ ಮುಚ್ಚುವ ಅಪ್ಪಣೆ!

ಐಲಿ ಒಮ್ಮೆ ಬಾಯಿ ಮುಚ್ಚಿದ್ದೂ ಉಂಟು. ಎರಡು ಚಳಿಗಾಲದ ಹಿಂದೆ, ಆಚೆ ದಡದ ಮನೆಯಲ್ಲಿ, ನಕ್ಷೆಯಂತೆಯೇ ಕೂರಿಸಿದರು. ಜನವರಿಯ ಹಿಮ ಬಾಗಿಲಿಗೆ ಒರಗಿತು. ಒಳಗೆ ಶಾಲೆಯ ಟೀಚರ್, ಇಬ್ಬರು ಪುಟ್ಟ ಮಕ್ಕಳು. ಸೌದೆ ಹೊರಗಿನ ಕೊಟ್ಟಿಗೆಯಲ್ಲಿ. ಎರಡು ದಿನವಾದರೂ ಯಾರೂ ಹೊರಗೆ ಕಾಣದ್ದಕ್ಕೆ ಐಲಿಯೇ ಹೋಗಿ ಅಗೆದು ತೆಗೆದರು. "ಮಕ್ಕಳು ಕುರ್ಚಿ ಸುಟ್ಟು ಮೈ ಕಾಯಿಸ್ಕೊಂಡಿದ್ರು. ಆ ಬಾಗಿಲು ಕೂರಿಸಿದ್ದು ಇದೇ ಕೈ" ಎಂದು ಕೈಗವಸು ಕಳಚಿ ತೋರಿಸುತ್ತಾರೆ.

ಮನೆ ಮಾಲೀಕರು ಶಿಕಾಗೋದ ಹಲ್ಲಿನ ಡಾಕ್ಟರ್ ವಿಟ್‌ಕಂಬ್. ನಮ್ಮ ಕಡೆ ಮೊದಲು ಏಳುವುದು ಸೌನಾ, ಅಂದರೆ ಉಗಿಸ್ನಾನದ ಪುಟ್ಟ ಮನೆ. ಮನೆ ಮುಗಿಯುವವರೆಗೆ ಬಿಡಾರ ಅದರಲ್ಲೇ. ಡಾಕ್ಟರು ಅಲ್ಲಿಂದ ಹೊದಿಕೆ ಸುತ್ತಿಕೊಂಡು ಬರುತ್ತಾರೆ. "ಏನಮ್ಮ ಇದು? ಎಂಟು ಸಾವಿರ ಡಾಲರಿನ ಬಾಗಿಲು!"

"ಹಿತ್ತಲ ಗೋಡೆ ಇನ್ನೂ ಎದ್ದಿಲ್ಲ, ಅಲ್ಲಿಂದ ಒಳಗೆ ಹೋಗಿ, ತೆಗೀರಿ ಡಾಕ್ಟ್ರೇ."

ಒಳಗಿನಿಂದ ದೂಡುವ ಸದ್ದು. ಭುಜ ಕೊಟ್ಟ ಸದ್ದು. ಒಂದು ಬೈಗುಳ.

"ಹಲ್ಲು ಕೀಳ್ತೀರಲ್ಲ, ಹಾಗೆ ಜೋರಾಗಿ ಎಳೀರಿ!" ರೂಡಿ ಕೂಗುತ್ತಾನೆ.

"ದೂಡೋದು ಕಣಯ್ಯಾ ಇದು! ಅಲ್ಲಾಡ್ತಾನೇ ಇಲ್ಲ!"

"ಇದು ಬರೀ ಮರಳು. ಜನವರೀಲಿ ಹಿಮ ಚಿಲಕಕ್ಕಿಂತ ಮೇಲೆ ಬರುತ್ತೆ" ಎನ್ನುತ್ತಾರೆ ಐಲಿ.

ಇನ್ನೊಮ್ಮೆ ಭುಜ ಕೊಟ್ಟ ಸದ್ದು. ಆಮೇಲೆ ಮರದಾಚೆಯಿಂದ ಸಣ್ಣ ದನಿ: "ಸರಿ. ತಿರುಗಿಸಿ ಹಾಕಮ್ಮ. ಗುತ್ತಿಗೆದಾರನಿಗೆ ನಾನು ಹೇಳ್ತೀನಿ."

ಮಧ್ಯಾಹ್ನದ ಹೊತ್ತಿಗೆ ಐಲಿ ಬಾಗಿಲು ಒಳಕ್ಕೆ ತಿರುಗುವ ಹೊಸ ಕೀಲುಗಳಿಗೆ ಉಳಿ ಹಿಡಿದು ಜಾಗ ಕೊರೆಯುತ್ತಿದ್ದಾರೆ. ಹಲಗೆಯ ಮೇಲೆ ನಿಮ್ಮ ಹೆಸರೂ ಬರೀಬೇಕಲ್ವಾ ಎಂದು ನಾನು ಕೇಳಿದರೆ ನಗುತ್ತಾರೆ.

"ಹಲಗೆ ಹಿಮದಲ್ಲಿ ಮುಚ್ಚಿಹೋಗುತ್ತೆ ಬಿಡಿ. ಮೊದಲ ದೊಡ್ಡ ಹಿಮದ ಮಾರನೇ ದಿನ ನಾನು ಈ ದಾರೀಲಿ ಬರ್ತೀನಿ. ಡಾಕ್ಟರು ಬಾಗಿಲು ತೆಗೆದು, ಸಲಿಕೆ ಹಿಡಿದು, ಈ ಊರನ್ನ ಬಾಯಿಗೆ ಬಂದಂಗೆ ಬೈತಾ ನಿಂತಿರಬೇಕು. ಅದನ್ನ ಕೇಳಿಸ್ಕೊಂಡು ಮನೆಗೆ ಹೋಗ್ತೀನಿ."