ಸಾವಿರ ಡಿಗ್ರಿಯಲ್ಲೂ ಸುಡದ ಹಪ್ಪಳ

ದೇವದುರ್ಗದ ಗಡಿಗೆಪ್ಪ ರಾಯಚೂರಿನ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕ. ಕೆಲಸದಲ್ಲಿ ಹುಲಿ, ಮಾತಿನಲ್ಲಿ ಬರೀ ಬುರುಡೆ. ಕೃಷ್ಣೆಯನ್ನು ಒಂದೇ ಉಸಿರಿನಲ್ಲಿ ಈಜಿ ದಾಟಿದ್ದೆ ಎಂದು ಮದುವೆಯ ಮಾತುಕತೆಯಲ್ಲೇ ಹೇಳಿದ್ದ. ಹಳ್ಳ ಕಂಡರೆ ಪ್ಯಾಂಟು ಮಡಿಚಿ ಅರ್ಧ ಗಂಟೆ ಯೋಚಿಸುವ ಮನುಷ್ಯ. ಇಂಥವನು ನಲವತ್ತೊಂದನೆಯ ವಯಸ್ಸಿನಲ್ಲಿ ಮೊಟ್ಟಮೊದಲ ಸಲ ನಿಜ ಹೇಳಿದ, ಹೇಳಿ ಸಿಕ್ಕಿಬಿದ್ದ.

ಮಾನ್ವಿಯಲ್ಲಿ ಅತ್ತೆ ಬಸವಂತಮ್ಮನ ಹೊಸ ಮನೆಯ ಗೃಹಪ್ರವೇಶವಿತ್ತು. ಹೆಂಡತಿ ಶಿವಗಂಗಾ ಮೊದಲೇ ಹೋಗಿದ್ದಳು. ಅಳಿಯ ಮಾತ್ರ ಬರಲೇ ಇಲ್ಲ. ಮರುದಿನ ಫೋನಿನಲ್ಲಿ ಹೇಳಿದ: "ಅತ್ತಿ, ನಮ್ಮ ಕಾಲೇಜಿನ ಹರಿಪ್ರಿಯಾ ಮೇಡಂದು ಪ್ರಯೋಗ ಇತ್ರಿ. ಗಾಜಿನ ಕೊಳವಿಯೊಳಗ ಗ್ಯಾಸ್ ತುಂಬಿ ಕರೆಂಟ್ ಹರಿಸಿದ್ವಿ. ಒಳಗ ಸಾವಿರ ಡಿಗ್ರಿ! ಬಿಟ್ಟು ಹ್ಯಾಂಗ ಬರ್ಲಿ?"

"ಸಾವಿರ ಡಿಗ್ರಿಗೆ ಗಾಜು ಕರಗಲಿಲ್ಲೇನು?"

"ಇಲ್ರಿ. ಮುಟ್ಟಿದ್ರ ಉಗುರುಬೆಚ್ಚಗ ಇರ್ತದ."

ಅಲ್ಲಿಗೆ ಬಸವಂತಮ್ಮನ ತಾಳ್ಮೆ ಮುಗಿಯಿತು. ಈ ಸೀಮೆಯ ಬಿಸಿಲು ಉಂಡು ಬೆಳೆದ ಹೆಂಗಸಿಗೆ ಬಿಸಿಯ ಬಗ್ಗೆಯೇ ಸುಳ್ಳೇ? ತಾನು ಕಣ್ಣಾರೆ ಕಂಡು ಒಪ್ಪುವ ತನಕ ಮಗಳನ್ನು ಕಳಿಸುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದಳು. ಶಿವಗಂಗಾ ತಾಯಿಯ ಪಕ್ಷ ಸೇರಿದಳು. ಹದಿಮೂರು ದಿನ ಗಡಿಗೆಪ್ಪ ತಾನೇ ಬೇಯಿಸಿದ ಅನ್ನ ಉಂಡ. ಅದನ್ನು ಅನ್ನ ಎಂದದ್ದೂ ಅವನೇ. ಬಾಯಿಗೆ ರುಚಿ ಇಲ್ಲದ್ದನ್ನಾದರೂ ಸಹಿಸಿಕೊಂಡ. ಬಯ್ಯಲು ಶಿವಗಂಗಾ ಇಲ್ಲದ ಮನೆಯನ್ನು ಅವನಿಗೆ ಸಹಿಸಲಾಗಲಿಲ್ಲ.

ಹದಿನಾಲ್ಕನೆಯ ದಿನ ತಾಯಿ ಮಗಳು ಪ್ರಯೋಗಾಲಯಕ್ಕೇ ಬಂದರು. ಕೊಳವೆ ತಿಳಿನೀಲಿಯಾಗಿ ಬೆಳಗುತ್ತಿತ್ತು. ಬಸವಂತಮ್ಮ ಕೈಚೀಲದಿಂದ ಒಂದು ಉದ್ದಿನ ಹಪ್ಪಳ ತೆಗೆದು, ಮೇಡಂ ತೋರಿಸಿದ ಜಾಗದಲ್ಲಿ ಗಾಜಿಗೆ ಒತ್ತಿ ಹಿಡಿದಳು. ಐದು ನಿಮಿಷ ಹಿಡಿದಳು. ಹಪ್ಪಳದಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

"ಏನ್ರಿ ಅಳಿಯಂದ್ರ, ಸಾವಿರ ಡಿಗ್ರಿ?"

ಹರಿಪ್ರಿಯಾ ಮೇಡಂ ಅವಸರದಿಂದ ಪರದೆಯ ಮೇಲಿನ ಗೆರೆಗಳನ್ನು ತೋರಿಸಿದರು. "ಇದು ಸೋಡಾದಾಗಿನ ಗ್ಯಾಸ್ ರೀ ಅಮ್ಮಾ. ಇದರ ಅಣುಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡ್ತಾವ. ಅದನ್ನ ಈ ಯಂತ್ರ ನೋಡ್ತದ. ಆ ಗೆರಿ ಮ್ಯಾಲಿಂದ ಅಣುಗಳು ಎಷ್ಟು ನಡಗಾಕತ್ತಾವ ಅಂತ ತಿಳಿತೀವಿ. ಓಡಾಟದ ಬಿಸಿ ಬ್ಯಾರೆ, ನಡುಕದ ಬಿಸಿ ಬ್ಯಾರೆ. ಗಾಜಿಗೆ ತಟ್ಟೋದು ಓಡಾಟದ ಬಿಸಿ, ಅದು ಕಡಿಮಿ; ಸಾವಿರ ಡಿಗ್ರಿ ಅನ್ನೋದು ನಡುಕದ್ದು."

"ಗೆರಿ ನಾವೂ ಹಾಕ್ತೀವಿ ಬಿಡವ್ವಾ, ಮನಿ ಮುಂದ. ರಂಗೋಲಿ ಅಂತೀವಿ," ಎಂದಳು ಬಸವಂತಮ್ಮ. ಮಗಳ ರಟ್ಟೆ ಹಿಡಿದಳು. ಸಿಟ್ಟಿಗೆ ನಿಂತಲ್ಲೇ ತುಟಿ, ಗಲ್ಲ, ಮೂಗಿನ ನತ್ತು ಎಲ್ಲವೂ ಅದುರತೊಡಗಿದವು.

ಗಡಿಗೆಪ್ಪನಿಗೆ ಬೆಳಕು ಹರಿದದ್ದು ಆಗಲೇ. "ಶಿವಗಂಗಾ, ನಿಮ್ಮವ್ವನ್ನ ನೋಡು! ಅತ್ತಾಗಿತ್ತಾಗ ಓಡ್ಯಾಡಾಕತ್ತಾರೇನು? ಇಲ್ಲ. ನಿಂತಲ್ಲೇ ನಡಗಾಕತ್ತಾರ. ಕೈ ಮುಟ್ಟಿ ನೋಡು."

ಶಿವಗಂಗಾ ಮುಟ್ಟಿದಳು. ತಣ್ಣಗಿತ್ತು. "ಒಳಗ ಎಷ್ಟು ಡಿಗ್ರಿ ಇರಬಹುದು, ನೀನ ಹೇಳು," ಎಂದ ಗಡಿಗೆಪ್ಪ.

ಶಿವಗಂಗಾ ಕಿಸಕ್ಕನೆ ನಕ್ಕಳು. "ಯವ್ವಾ, ಇವ್ರು ನಿಜಾನ ಹೇಳ್ಯಾರ!"

ಬಸವಂತಮ್ಮ ಅಳಿಯನನ್ನು ಎರಡು ಸಲ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಗಳ ಬಟ್ಟೆಯ ಚೀಲವನ್ನು ಅವನ ಕೈಗೆ ಕೊಟ್ಟು, ಮಾನ್ವಿ ಬಸ್ಸಿಗೆ ನಡೆದಳು.

ಮನೆಗೆ ಹೋಗುವ ಆಟೋದಲ್ಲಿ ಗಡಿಗೆಪ್ಪನ ಕಾಲು ನೆಲದ ಮೇಲಿರಲಿಲ್ಲ. ನಿಜದಲ್ಲಿ ಇಷ್ಟು ಸುಖವಿದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಶಿವಗಂಗಾ ಅವನ ಭುಜಕ್ಕೆ ಒರಗಿ ಪ್ರೀತಿಯಿಂದ ಕೇಳಿದಳು: "ಪಾಪ, ಅವತ್ತ ದಿನಪೂರ್ತಿ ಮಿಷನ್ ಮುಂದ ನಿಂತಿದ್ರೇನು?"

"ಇಲ್ಲ, ಹತ್ತೂವರಿಗೇ ಬಂದ್ ಮಾಡಿದ್ವಿ."

"ಹತ್ತೂವರಿಗೆ? ಊಟದ ಹೊತ್ತಿಗೆ ಮಾನ್ವಿಗೆ ಬರಬಹುದಿತ್ತಲ್ಲ? ಆಮ್ಯಾಲ ಏನು ಮಾಡಿದ್ರಿ?"

"ಮಿಷನ್‌ಗೆ ಅಂತ ಎಸಿ ಹಾಕಿರ್ತಾರಲ್ಲ? ಅದರ ತಂಪಿಗೆ ಸಂಜಿ ತನಕ ಮಲಗಿಬಿಟ್ಟೆ," ಎಂದ ಗಡಿಗೆಪ್ಪ, ಅಷ್ಟೇ ಹೆಮ್ಮೆಯಿಂದ.

ಶಿವಗಂಗಾ ನೆಟ್ಟಗೆ ಕೂತಳು.

"ಅಣ್ಣಾ, ಬಸ್ ಸ್ಟ್ಯಾಂಡಿಗೆ ತಿರುಗಸ್ರಿ. ಅವ್ವ ಇನ್ನೂ ಬಸ್ ಹತ್ತಿರಂಗಿಲ್ಲ." ಗಂಡನ ಕಡೆ ತಿರುಗಿದಳು. "ನೀವೂ ಬರ್ರಿ. ನಿಜ ಹೇಳಾಕ ಕಲ್ತೀರಲ್ಲ, ಇದನ್ನೂ ಆಕಿ ಮುಂದ ನೀವ ಹೇಳ್ರಿ."